ಮೇಷ್ಟ್ರು ಮುಷ್ಟಿ ಮುಚ್ಚದೆ ಹೋದ ದಿನ

ನಮ್ಮ ಸ್ಕೂಲಿನ ಸಂಗೀತದ ಮೇಷ್ಟ್ರು ವಿದೇಶದ ಕೆಲಸಕ್ಕೆ ಹೊರಟು ನಿಂತಾಗ ಎಲ್ಲರೂ ಅತ್ತರು, ನನ್ನೊಬ್ಬಳನ್ನು ಬಿಟ್ಟು. ಹನ್ನೊಂದು ವರ್ಷ ಅವರ ಕೈಕೆಳಗೆ ಪಿಯಾನೊ ನುಡಿಸಿದವಳು ನಾನು. "ನಿಮಗೆ ಬೆರಳಿದೆ, ಕಿವಿ ಇಲ್ಲ" ಅಂತ ಮಕ್ಕಳೆದುರೇ ಅನ್ನಿಸಿಕೊಂಡವಳು. ಅವರ ಜಾಗ ಇನ್ನು ನನ್ನದೇ ಎಂದು ಹೆಡ್‌ಮಿಸ್ ಹೇಳಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೂ ಒಪ್ಪಬೇಕಾದ್ದನ್ನು ಒಪ್ಪಬೇಕು. ಅವರ ಹನ್ನೆರಡು ಮಕ್ಕಳ ತಂಡ ಹಾಡಿದರೆ ಸ್ವರ ಎಲ್ಲೂ ಕಡಿಯುತ್ತಿರಲಿಲ್ಲ. ಗುಟ್ಟು ಮೊಣಕೈಯಲ್ಲಿತ್ತು. ಮಕ್ಕಳು ವೃತ್ತವಾಗಿ ನಿಲ್ಲುತ್ತಿದ್ದರು, ನಡುವೆ ಮೇಷ್ಟ್ರು. ಎಡಗಡೆಯವರು ಮೊಣಕೈಯಿಂದ ತಿವಿದರೆ ಮಾತ್ರ ನೀವು ಉಸಿರು ತೆಗೆದುಕೊಳ್ಳಬೇಕು, ತೆಗೆದುಕೊಂಡು ಬಲಗಡೆಯವರನ್ನು ತಿವಿಯಬೇಕು. ಹೀಗೆ ಉಸಿರು ಸುತ್ತುತ್ತಲೇ ಇರುತ್ತಿತ್ತು. ನಿಲ್ಲಿಸಲು ಒಂದೇ ದಾರಿ, ಮೇಷ್ಟ್ರು ಬಲಗೈ ಎತ್ತಿ ಮುಷ್ಟಿ ಮುಚ್ಚಬೇಕು. ಒಮ್ಮೆ ಹಾಡಿನ ಮಧ್ಯೆ ಕಿಟಕಿಯ ಗಾಜು ಒಡೆದು ಬಿತ್ತು. ಒಂದು ಮಗುವೂ ಕತ್ತು ಹೊರಳಿಸಲಿಲ್ಲ. ಮೇಷ್ಟ್ರು ಖುಷಿಯಾಗಿ ಚಾಕೊಲೇಟ್ ಹಂಚಿದರು. ನನಗೂ ಒಂದು ಸಿಕ್ಕಿತು, ತಿನ್ನಲು ಮನಸ್ಸಾಗಲಿಲ್ಲ.

ಆ ಹನ್ನೆರಡರಲ್ಲಿ ನನ್ನ ಮಗಳು ಪುಟ್ಟಿಯೂ ಒಬ್ಬಳು. ಒಂಬತ್ತು ವರ್ಷ, ಉಬ್ಬಸದ ಮಗು. ಐದು ನಿಮಿಷಕ್ಕಿಂತ ಹೆಚ್ಚು ಹಾಡಿಸಬೇಡಿ ಎಂದು ಡಾಕ್ಟರು ಚೀಟಿಯನ್ನೇ ಬರೆದುಕೊಟ್ಟಿದ್ದರು.

ಬೀಳ್ಕೊಡುಗೆ ಇದ್ದದ್ದು ಬೆಳಗ್ಗೆ ಹತ್ತೂವರೆಗೆ. ಕೊನೆಯ ಹಾಡಿಗೆ ಮಾತುಗಳಿರಲಿಲ್ಲ; ಬರೀ 'ಆ' ಎನ್ನುವ ರಾಗ, ಸುತ್ತಿ ಸುತ್ತಿ ಮೊದಲಿಗೇ ಬರುವಂಥದ್ದು. ಹೊರಗೆ ಟ್ಯಾಕ್ಸಿಯವನು ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದ. ಹೆಡ್‌ಮಿಸ್‌ಗೆ ತಾಳ್ಮೆ ಎಲ್ಲಿಂದ ಬರಬೇಕು? ಹಾಡು ಮುಗಿಯುವ ಮೊದಲೇ ವೃತ್ತದೊಳಗೆ ನುಗ್ಗಿ, ಬಾಗಿಲಷ್ಟು ದೊಡ್ಡ ಫೋಟೊ ಫ್ರೇಮನ್ನು ಮೇಷ್ಟ್ರ ಎರಡೂ ಕೈಗೆ ಹೊರಿಸಿದರು. ಅವರು ಅದನ್ನು ತಬ್ಬಿಕೊಂಡು ಅತ್ತರು, ಅಳುತ್ತಲೇ ಹೋಗಿ ಟ್ಯಾಕ್ಸಿ ಹತ್ತಿದರು.

ಮುಷ್ಟಿ ಮುಚ್ಚಲಿಲ್ಲ.

"ಸಾಕು ಮಕ್ಕಳೇ, ತುಂಬಾ ಚೆನ್ನಾಗಿತ್ತು," ಎಂದರು ಹೆಡ್‌ಮಿಸ್. ಮಕ್ಕಳು ಹಾಡುತ್ತಲೇ ಇದ್ದರು. ಅವರ ಕಣ್ಣೆಲ್ಲ ವೃತ್ತದ ನಡುವೆ, ಮೇಷ್ಟ್ರ ಕೈ ಇರಬೇಕಾದ ಎತ್ತರದಲ್ಲಿ ನೆಟ್ಟಿತ್ತು.

"ಏನ್ ಟ್ರೇನಿಂಗ್ ರೀ ಇದು!" ಅಂತ ಒಬ್ಬ ಹುಡುಗನ ಅಪ್ಪ ನಕ್ಕ. ಕಾಲು ಗಂಟೆಯಾದ ಮೇಲೆ ಅವನೂ ನಗಲಿಲ್ಲ.

ನಾನು ನಡುವೆ ಹೋಗಿ ನಿಂತು, ಥೇಟ್ ಮೇಷ್ಟ್ರ ಹಾಗೇ ಕೈ ಎತ್ತಿ ಮುಷ್ಟಿ ಮುಚ್ಚಿದೆ. ಅವರ ನೋಟ ನನ್ನನ್ನು ತೂರಿಕೊಂಡು ಹೋಯಿತು. ನನ್ನ ಮಗಳದ್ದೂ ಅಷ್ಟೆ. ಇಷ್ಟು ವರ್ಷದ ಹೊಟ್ಟೆಕಿಚ್ಚು ಆ ಕ್ಷಣದಲ್ಲಿ ಆರಿ ತಣ್ಣಗಾಯಿತು, ಉಳಿದದ್ದು ಬರೀ ಭಯ.

ಮೇಷ್ಟ್ರಿಗೆ ಫೋನ್ ಮಾಡಿದರೆ, ಈ ನಂಬರ್ ಚಾಲ್ತಿಯಲ್ಲಿಲ್ಲ. ಬೆಳಗ್ಗೆಯೇ ಬಂದ್ ಮಾಡಿಸಿದ್ದರಂತೆ. ವಾಚ್‌ಮನ್ ಬೈಕಿನಲ್ಲಿ ವಿಮಾನ ನಿಲ್ದಾಣಕ್ಕೆ ಓಡಿದ.

ಹನ್ನೊಂದೂವರೆ ಹೊತ್ತಿಗೆ ಪುಟ್ಟಿಯ ತುಟಿ ನೀಲಿಗಟ್ಟಿತು. ಎದೆ ಸುಂಯ್ ಎನ್ನುತ್ತಿತ್ತು, ಹಾಡು ಮಾತ್ರ ನಿಲ್ಲಲಿಲ್ಲ. ಉಬ್ಬಸದ ಪಂಪು ಬಾಯಿಗಿಟ್ಟರೆ ಮುಖ ತಿರುಗಿಸಿದಳು. ಕೊನೆಗೆ ರಟ್ಟೆ ಹಿಡಿದು ಹೊರಗೆಳೆದೆ. ಅವಳ ಬಲಗಡೆ ನಿಂತಿದ್ದ ಹುಡುಗಿಗೆ ತಿವಿತ ಸಿಗಲಿಲ್ಲ. ಅವಳು ಉಸಿರೇ ತೆಗೆದುಕೊಳ್ಳದೆ ಹಾಡುತ್ತಾ ಹಾಡುತ್ತಾ ಕೆಂಪಾದಳು, ಕತ್ತಿನ ನರ ಉಬ್ಬಿತು.

"ಟೀಚರ್, ಆ ಮಗು ಸಾಯತ್ತೆ!" ಅಂತ ಯಾರೋ ಕಿರುಚಿದರು.

ಯೋಚಿಸಲು ಪುರಸೊತ್ತಿರಲಿಲ್ಲ. ಪುಟ್ಟಿಯ ಜಾಗದಲ್ಲಿ ನಾನೇ ನಿಂತೆ. ಎಡಗಡೆಯಿಂದ ಪುಟ್ಟ ಮೊಣಕೈ ನನ್ನ ಸೊಂಟಕ್ಕೆ ತಾಗಿತು. ಉಸಿರು ತೆಗೆದುಕೊಂಡೆ, ಬಲಗಡೆಯ ಹುಡುಗಿಯನ್ನು ತಿವಿದೆ, ಹಾಡಿದೆ. ಜಾಗ ತುಂಬಿದ್ದೇ ತಡ, ಪುಟ್ಟಿಯ ಹಾಡು ನಿಂತಿತು; ಹಾಗೇ ನೆಲಕ್ಕೆ ಕುಸಿದು, ಕೆಮ್ಮಿ, ಪಂಪು ಎಳೆದುಕೊಂಡಳು. ಬದುಕಿದೆಯಾ ಬಡಜೀವವೇ ಅನ್ನಿಸಿತು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಸ್ವರ ಕೂದಲೆಳೆಯಷ್ಟೂ ತಪ್ಪಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಹಿತವಾಗಿತ್ತು. ನನಗೆ ಹೆದರಿಕೆಯಾದದ್ದೂ ಅದಕ್ಕೇ.

ಮೂರು ಗಂಟೆಗೆ ವಾಚ್‌ಮನ್ ಒಬ್ಬನೇ ವಾಪಸು ಬಂದ. ವಿಮಾನ ಹೋಗಿಯಾಗಿತ್ತು. ಅಷ್ಟರಲ್ಲಿ ಉಳಿದ ಅಪ್ಪ ಅಮ್ಮಂದಿರಿಗೂ ದಾರಿ ತಿಳಿದಿತ್ತು. ಬ್ಯಾಗು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಒಬ್ಬೊಬ್ಬರೇ ತಮ್ಮ ಮಗುವನ್ನು ಹೊರಗೆಳೆದು ಆ ಜಾಗಕ್ಕೆ ಬಂದರು. ನಕ್ಕಿದ್ದವನೂ ಬಂದ.

ಈಗ ವೃತ್ತದಲ್ಲಿ ಹನ್ನೊಂದು ಜನ ದೊಡ್ಡವರು, ಒಂದೇ ಒಂದು ಮಗು. ನನ್ನ ಬಲಗಡೆಯ ಹುಡುಗಿ. ಅವಳು ಹಾಸ್ಟೆಲಿನವಳು, ಅವಳ ಜಾಗಕ್ಕೆ ಬಂದು ನಿಲ್ಲಲು ಹಿಂದು ಮುಂದು ಯಾರೂ ಇಲ್ಲ. ಹೆಡ್‌ಮಿಸ್ ಬಾಗಿಲ ಹತ್ತಿರ ನಿಂತಿದ್ದಾರೆ, ಒಳಗೆ ಕಾಲಿಡುತ್ತಿಲ್ಲ. ಇದನ್ನೆಲ್ಲ ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೇನೆ, ಬಾಯಿಗೆ ಬಿಡುವಿಲ್ಲ.

ಪುಟ್ಟಿ ನನ್ನ ಕೈ ಹಿಡಿದು ಜಗ್ಗುತ್ತಿದ್ದಾಳೆ. "ಅಮ್ಮಾ, ಸಾಕು ಬಾಮ್ಮಾ. ಮನೆಗೆ ಹೋಗೋಣ."

ಹೋಗಬಹುದು. ಒಂದು ಹೆಜ್ಜೆ ಹಿಂದಿಟ್ಟರೆ ಆಯಿತು. ಪಕ್ಕದ ಹುಡುಗಿಯ ಕೆನ್ನೆ ಆಗಲೇ ಕೆಂಪೇರುತ್ತಿದೆ. ಅವಳು ನನ್ನತ್ತ ನೋಡುತ್ತಿಲ್ಲ, ಕಾಯುತ್ತಿದ್ದಾಳೆ, ಅಷ್ಟೆ.

ಮಗಳ ಬೆರಳನ್ನು ಒಂದೊಂದಾಗಿ ಬಿಡಿಸಿ, ನಾನು ಆ ಹುಡುಗಿಯನ್ನು ಮೆಲ್ಲಗೆ ತಿವಿಯುತ್ತೇನೆ.