ಕೆಂಡದಪ್ಪನ ಹೆಸರು

ಒಂದಾನೊಂದು ಕಾಲದಲ್ಲಿ, ಒಂಟೆಗಳು ರೈಲು ಕಂಡು ದಿಕ್ಕಾಪಾಲಾಗಿ ಓಡುತ್ತಿದ್ದ ಕಾಲದಲ್ಲಿ, ಸರಿಬುಲಾಕ್ ಎಂಬ ಹುಲ್ಲುಬಯಲಿನ ಊರಿನಲ್ಲಿ ಒಬ್ಬ ಇಂಜಿನ್ ಚಾಲಕನಿದ್ದ. ಅವನಿಗೊಬ್ಬ ಮಗ. ಮಗನಿಗೊಬ್ಬಳು ಹೆಂಡತಿ ಬಂದಳು. ಬಂದ ಸೊಸೆ ಮಾವನ ಹೆಸರೆತ್ತುವ ಹಾಗಿಲ್ಲವಲ್ಲ! ಅವನ ಗಡ್ಡದಲ್ಲಿ ಯಾವಾಗಲೂ ಕಿಡಿ ತಾಗಿ ಸುಟ್ಟ ಗುರುತಿರುತ್ತಿದ್ದುದರಿಂದ ಅವಳು ಅವನನ್ನು ಕೆಂಡದಪ್ಪ ಎಂದು ಕರೆದಳು. ಊರಿಗೆ ಊರೇ ಹಾಗೆ ಕರೆಯಿತು.

ಬರೀ ಕಥೆಯಾಗಿದ್ದರೆ ಇಲ್ಲಿಗೆ ಎಲ್ಲರೂ ಸುಖವಾಗಿರಬೇಕಿತ್ತು. ಆದರೆ ಆ ಸೊಸೆ ಕುಲ್ಪಾಶ್, ಈಗ ಎಂಬತ್ತು ದಾಟಿದವಳು, ಹಳೆಯ ಇಂಜಿನ್ ಶೆಡ್ಡಿನ ನಡುವೆ ನಿಂತು ಹೊಸ ಫಲಕ ಓದುತ್ತಿದ್ದಳು. ಶೆಡ್ಡು ಈಗ ರೈಲು ಸಂಗ್ರಹಾಲಯ. ಮಾವನ ಕರಿ ಇಂಜಿನ್ನು ಹೊಸ ಬಣ್ಣ ಬಳಿಸಿಕೊಂಡು ಮದುಮಗನ ಹಾಗೆ ನಿಂತಿತ್ತು. ಫಲಕದಲ್ಲಿ ಹೀಗಿತ್ತು: 'ಚಾಲಕ: ಕೆಂಡದಪ್ಪ.'

"ಹೆಂಗಿದೆ ಅಜ್ಜಿ?" ಎಂದಳು ಸಾಂದುಗಾಶ್. ಸಂಗ್ರಹಾಲಯ ನೋಡಿಕೊಳ್ಳುವವಳು ಅವಳೇ. "ನಾಳೆ ಬಾಗಿಲು ತೆರೆಯೋದ್ರೊಳಗೆ ಇಂಜಿನ್ನಿಗೆ ಬೋಲ್ಟ್ ಹಾಕಿಸಿಬಿಡ್ತೀನಿ."

"ಇದು ಅವರ ಹೆಸರಲ್ಲ ಮಗಾ."

"ಅಯ್ಯೋ! ನೀವೇ ಹೇಳಿದ್ದಲ್ವಾ?"

"ನಾನು ಕರೀತಿದ್ದದ್ದು ಹೇಳಿದೆ. ನೀನು ಬರೆಸೇಬಿಟ್ಟೆ."

"ನಿಮ್ಮ ಮನೆ ಕಾಗದದಲ್ಲೂ ಅದೇ ಇದೆಯಲ್ಲಜ್ಜಿ!"

ಅದೂ ನಿಜವೇ. ಹಳೆಯ ಕಚೇರಿ ದಾಖಲೆಗಳ ಸಮೇತ ಸುಟ್ಟುಹೋದ ವರ್ಷ ಗುಮಾಸ್ತನೊಬ್ಬ ಮನೆಮನೆಗೆ ಬಂದು ಹೆಸರು ಬರೆದುಕೊಂಡಿದ್ದ. ಗಂಡಸರು ರೈಲಿನ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿದ್ದವಳು ಹೊಸ ಸೊಸೆ. ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ಕೆಂಡದಪ್ಪ ಎಂದಳು, ಅವನು ಹಾಗೇ ಗೀಚಿಕೊಂಡು ಹೋದ. ವಿಷಯ ತಿಳಿದ ಮಾವ ಕುಡಿಯುತ್ತಿದ್ದ ಚಹಾ ನೆತ್ತಿಗೇರುವಷ್ಟು ನಕ್ಕಿದ್ದ. ಸಾಯುವ ಹೊತ್ತಿಗೆ ಮಾತ್ರ ನಗಲಿಲ್ಲ. "ನಮ್ಮವ್ವ ಇಟ್ಟ ಹೆಸರು ಎಲ್ಲೂ ಉಳೀಲಿಲ್ಲ ಕಣಮ್ಮ. ನನ್ನ ಇಂಜಿನ್ ಮೇಲಾದ್ರೂ ಒಂದ್ಸಲ ಬರೆಸು" ಎಂದಿದ್ದ. ಬರೆಸುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಗೋರಿಯ ಮೇಲೂ ಕಾಗದದ ಹೆಸರೇ ಬಂತು. ಆಮೇಲೆ ಗಂಡ ಹೋದ, ಮಾವನ ಓರಗೆಯವರು ಹೋದರು. ಅವ್ವ ಇಟ್ಟ ಆ ಹೆಸರು ಬಲ್ಲವಳು ಇಡೀ ಭೂಮಿಯ ಮೇಲೆ ಈಗ ಅವಳೊಬ್ಬಳೇ. ಅವಳ ನಾಲಿಗೆಯೋ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ.

"ಹಂಗಾದ್ರೆ ನಿಜವಾದ್ದು ಹೇಳಿ. ಪ್ರೋಖೊರ್ ತಾತ ಈಗಲೇ ತಿದ್ದಿಬಿಡ್ತಾರೆ."

ಕುಲ್ಪಾಶ್ ತಲೆವಸ್ತ್ರದ ಅಂಚನ್ನು ಬಾಯಿಗೆ ಎಳೆದುಕೊಂಡಳು. "ಆಗಲ್ಲ ಮಗಾ."

"ಹೋಗ್ಲಿ, ಬರೆದುಕೊಡಿ."

"ಬಾಯಿಗೆ ಮಾವ ಆದವರು ಕೈಗೆ ಆಗಲ್ವಾ?"

"ಈ ಕಾಲದಲ್ಲೂ ಇದೆಲ್ಲಾನಾ ಅಜ್ಜಿ?"

"ನೀನು ನಿಮ್ಮತ್ತೇನ ಹೆಸರು ಹಿಡಿದು ಕರೀತೀಯಾ?"

ಸಾಂದುಗಾಶ್ ಆಚೀಚೆ ನೋಡಿದಳು. "ಕರೀತೀನಿ. ಅವರು ಮನೇಲಿಲ್ಲದಾಗ."

ಕುಲ್ಪಾಶಳಿಗೆ ನಗು ತಡೆಯಲಾಗಲಿಲ್ಲ. ಫಲಕದ ಪಕ್ಕ ಸ್ಟೂಲಿನ ಮೇಲೆ ಕುಂಚ ಹಿಡಿದು ಕೂತಿದ್ದ ಪ್ರೋಖೊರ್ ತಲೆಯೆತ್ತಿದ. ಬಾಯ್ಲರಿನ ರಿವೆಟ್ಟು ಬಡಿದು ಬಡಿದೇ ಕಿವಿ ಕಳೆದುಕೊಂಡ ಮುದುಕ, ಅವಳ ಮದುವೆಯ ನಂತರ ಊರಿಗೆ ಬಂದು ಗಂಡನ ಜೊತೆಗಾರನಾದವನು; ಅವನಿಗೂ ಗೊತ್ತಿದ್ದದ್ದು ಕೆಂಡದಪ್ಪ ಎಂದಷ್ಟೇ. "ಏನಂತೆ ಅತ್ತಿಗೇದು? ಬಣ್ಣ ಒಣಗ್ತಿದೆ!"

ಸಾಂದುಗಾಶ್ ಅವನ ಕಿವಿಯಲ್ಲಿ ಕೂಗಿ ಹೇಳಿದಳು.

"ಅದೇನತ್ತಿಗೆ! ನಮ್ಮಣ್ಣನಿಗೆ ದಿನಾ ಊರಿಗೆಲ್ಲ ಕೇಳಿಸೋ ಹಂಗೆ ಬೈತಿದ್ರಿ, ಅವರಪ್ಪನ ಹೆಸರಿಗೆ ಬಾಯಿ ಬೀಗಾನಾ?"

"ಗಂಡನ್ನ ಬೈಯೋಕೆ ಅಡ್ಡಿಯಿಲ್ಲ ಕಣಯ್ಯ. ಮಾವನ ಹೆಸರಿಗೆ ಇದೆ."

"ಬೇಡ ಬಿಡಿ ಅಜ್ಜಿ," ಸಾಂದುಗಾಶ್ ಅವಳ ಭುಜ ಸವರಿದಳು. "ಹಿಂಗೇ ಇರ್ಲಿ. ಎಲ್ರೂ ಪ್ರೀತಿಯಿಂದ ಕರೆದ ಹೆಸರು. ಚೆನ್ನಾಗೇ ಇದೆಯಲ್ಲ."

ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದೇ ಕುಲ್ಪಾಶಳನ್ನು ಹೆದರಿಸಿತು. ಇನ್ನು ಹೀಗೇ ಇದ್ದುಬಿಡುತ್ತದೆ, ಯಾರೂ ತಪ್ಪು ಎನ್ನುವುದಿಲ್ಲ. ಅವಳು ಇಂಜಿನ್ನಿನ ಹೊಟ್ಟೆಗೆ ಅಂಗೈ ಇಟ್ಟಳು. ತಣ್ಣಗೆ ಕೊರೆಯಿತು. ಮಾವ ಮನೆಗೆ ಬರುತ್ತಿದ್ದುದು ಮಲಗಲಷ್ಟೇ, ಬದುಕಿದ್ದೆಲ್ಲ ಇದರ ಮೇಲೆ. ಮದುವೆಯ ದಿನ ಅವಳು ಅಲ್ಲಿನ ರೂಢಿಯಂತೆ ಮಣ್ಣಿನ ಮನೆಯ ಒಲೆಗೆ ಬೆಣ್ಣೆ ಹೊಯ್ದು, ಮಂಡಿ ಬಾಗಿಸಿ, ಸೊಸೆಯಾಗಿದ್ದಳು. ಈ ಇಂಜಿನ್ನಿನ ಒಲೆಗೆ ಹೊಯ್ದಿರಲಿಲ್ಲ. ಈ ಮನೆಯ ಸೊಸೆಯೇ ಆಗದವಳು ಹೆಸರು ಹೇಳಲು ಯಾವ ಬಾಯಲ್ಲಿ ಅಪ್ಪಣೆ ಕೇಳಿಯಾಳು?

"ಮಗಾ, ಇಂಜಿನ್ ಒಳಗೆ ಸ್ವಲ್ಪ ಬೆಂಕಿ ಹಾಕು."

"ಅಜ್ಜೀ! 'ಬೆಂಕಿ ಹಚ್ಚಬಾರದು' ಅಂತ ಗೋಡೆ ಮೇಲೆ ನಾನೇ ಬರೆಸಿದೀನಿ!"

"ಅದನ್ನ ತಿದ್ದು ಅಂತ ಹೇಳ್ತಿಲ್ಲವಲ್ಲ. ನಾಲ್ಕು ಕಡ್ಡಿ ಸಾಕು. ಅಡುಗೆಮನೆಯಿಂದ ಬೆಣ್ಣೇನೂ ತಾ."

ಸಾಂದುಗಾಶ್ ಗೊಣಗುತ್ತಲೇ ಹೋಗಿ, ನಾಳೆಯ ಊಟಕ್ಕೆ ತಂದಿಟ್ಟಿದ್ದ ಬೆಣ್ಣೆಯ ಡಬ್ಬಿ, ಒಣ ಪುಳ್ಳೆ ತಂದಳು. ಮುದುಕಿಯನ್ನು ಕಬ್ಬಿಣದ ಮೆಟ್ಟಿಲು ಹತ್ತಿಸುವುದೇ ಒಂದು ಸಾಹಸವಾಯಿತು. ಬೆಂಕಿಯ ಗೂಡಿನ ಬಾಗಿಲು ಕಿರ್ರೆಂದು ತೆರೆಯಿತು. ಪುಳ್ಳೆ ಹೊತ್ತಿತು. ಚಿಮಣಿಗೆ ತಗಡು ಮುಚ್ಚಿದ್ದರಿಂದ ಹೊಗೆಯೆಲ್ಲ ತಿರುಗಿ ಅವರ ಮುಖಕ್ಕೇ ಬಂತು. ಕುಲ್ಪಾಶ್ ಬೆಣ್ಣೆ ಹೊಯ್ದಳು. ಅದು ಚಟಪಟ ಎಂದು ಹಳದಿಯಾಗಿ ಎದ್ದಿತು. ಅವಳು ತಲೆವಸ್ತ್ರ ಸರಿಮಾಡಿಕೊಂಡಳು. ಬಗ್ಗದ ಮಂಡಿಯನ್ನು ಬಗ್ಗಿಸಿ ಮೂರು ಸಲ ನಮಿಸಿದಳು.

"ಅಪ್ಪಾ, ಸೊಸೆ ಬಾಯಿ ತೆರೀತಾಳೆ. ಬೇಜಾರು ಮಾಡ್ಕೋಬೇಡಿ."

ಆಮೇಲೆ ಕಿಟಕಿಯಿಂದ ಬಾಗಿ ಹೆಸರು ಹೇಳಿದಳು, ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆಲ್ಲಗೆ.

"ಏನಂದ್ರಿ?" ಎಂದ ಪ್ರೋಖೊರ್.

ಇನ್ನೊಮ್ಮೆ ಹೇಳಿದಳು.

"ಕೇಳಿಸ್ತಿಲ್ಲ ಅತ್ತಿಗೆ! ಬಾಯ್ಲರ್ ಕಿವಿ ನಂದು!"

ಸಾಂದುಗಾಶ್ ತಾನೇ ಕೂಗಲು ಬಾಯಿ ತೆರೆದಳು. ಮುದುಕಿ ಅವಳ ತೋಳು ಬಿಗಿಯಾಗಿ ಹಿಡಿದಳು. "ನೀನಲ್ಲ. ಮಾತು ಕೊಟ್ಟವಳು ನಾನು."

ಚಾಲಕನ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಾಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಅವಳು ಕೂಗಿದಳು: "ಎಸಿರ್ಕೆಪ್! ಎಸಿರ್ಕೆಪ್ ಅಂತ ಬರೀ, ಕಿವುಡಾ!"

ಅಂಗಳದಲ್ಲಿ ಮೇಜು ಜೋಡಿಸುತ್ತಿದ್ದವರು ಕೆಲಸ ನಿಲ್ಲಿಸಿ ಇತ್ತ ತಿರುಗಿದರು.

ಪ್ರೋಖೊರ್ ತಲೆಯಾಡಿಸಿದ. ಸೀಮೆಎಣ್ಣೆಯ ಬಟ್ಟೆಯಿಂದ ಹಳೆಯ ಅಕ್ಷರ ಒರೆಸಿ, ಕುಂಚ ಅದ್ದಿದ. ಕುಲ್ಪಾಶ್ ಕಿಟಕಿಯಲ್ಲೇ ಮೊಣಕೈ ಊರಿ ನಿಂತು ಒಂದೊಂದೇ ಅಕ್ಷರ ಮೂಡುವುದನ್ನು ನೋಡಿದಳು. ಕೊನೆಯದರಿಂದ ಬಿಳಿ ಬಣ್ಣ ಎಳೆಯಾಗಿ ಕೆಳಗಿಳಿಯತೊಡಗಿತು. ಪ್ರೋಖೊರ್ ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಡೆದ.