ಲಾವಂಚ ಹರಾಜಿಗೆ ಬಂದ ಮಧ್ಯಾಹ್ನ

ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿಗೆ, ಆಲೂಗಡ್ಡೆಗೆ, ಬೆಳ್ಳುಳ್ಳಿಗೆಲ್ಲ ಹರಾಜು ಕಟ್ಟೆಯಿತ್ತು, ಕೂಗುವವರಿದ್ದರು. ಲಾವಂಚದ ಬೇರಿಗೆ ಯಾರೂ ಇರಲಿಲ್ಲ. ರಾಜಾನುಕುಂಟೆಯ ಆಚೆಗಿನ ಹೊಲದಲ್ಲಿ ಅದನ್ನು ಬೆಳೆಯುತ್ತಿದ್ದ ಸಿಂಗಾಪುರ ಎಂಬ ಹಳ್ಳಿಯ ಸುಬ್ಬಲಕ್ಷ್ಮಮ್ಮನಿಗೆ ಇದ್ದ ಗಿರಾಕಿ ಒಬ್ಬನೇ, ಬೇರಿನ ವ್ಯಾಪಾರಿ ನರೇಂದ್ರ. ಅವನು ಹೊಲಕ್ಕೇ ಬಂದು, ರಾಶಿಯನ್ನು ಕಾಲಿನಿಂದ ತಳ್ಳಿ ನೋಡಿ, ‘ಹಸಿ ಇದೆ, ಮಣ್ಣಿದೆ’ ಎಂದು ಬಾಯಿಗೆ ಬಂದ ದರ ಹೇಳುತ್ತಿದ್ದ. ದರಕ್ಕಿಂತ ಆ ಕಾಲು ಆಕೆಯನ್ನು ಹೆಚ್ಚು ನೋಯಿಸುತ್ತಿತ್ತು.

ಬೇರು ಅಗೆಯುವ ದಿನಗಳಲ್ಲಿ ಸುಬ್ಬಲಕ್ಷ್ಮಮ್ಮನಿಗೆ ಯಾವುದು ಎಚ್ಚರ, ಯಾವುದು ಕನಸು ಎಂದೇ ತಿಳಿಯುತ್ತಿರಲಿಲ್ಲ. ಬೇರಿನ ಪರಿಮಳ ಸೀರೆಗೆ, ಕೂದಲಿಗೆ, ಉಣ್ಣುವ ತಟ್ಟೆಗೂ ಹತ್ತುತ್ತಿತ್ತು. ಮಧ್ಯಾಹ್ನ ಬೇವಿನ ನೆರಳಲ್ಲಿ ಕಣ್ಣು ಮುಚ್ಚಿದರೆ ಇಡೀ ಹೊಲವೇ ನೀರಿನ ಮೇಲೆ ಮೆಲ್ಲಗೆ ತೇಲಿದಂತಾಗುತ್ತಿತ್ತು.

ಈ ವರ್ಷ ಆಕೆ ನರೇಂದ್ರನಿಗೆ ಹೇಳಿ ಕಳಿಸಲಿಲ್ಲ. ಹಿಡಿ ಹಿಡಿ ಬೇರು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಊರು ಸುತ್ತಿದಳು. ಆರ್.ಟಿ. ನಗರದಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ರೆಹಾನಾಗೆ ಒಂದು ಹಿಡಿ, ನಾಗಸಂದ್ರದ ಆಯುರ್ವೇದ ಔಷಧಿ ಮಾಡುವವರಿಗೆ ಒಂದು ಹಿಡಿ ಕೊಟ್ಟು, ‘ಗುರುವಾರ ಮಧ್ಯಾಹ್ನ ಯಾರ್ಡಿಗೆ ಬನ್ನಿ’ ಎಂದಳು. ಆಮೇಲೆ ಯಾರ್ಡಿನ ಕಚೇರಿಗೆ ಹೋಗಿ, ಈರುಳ್ಳಿ ಖಾಲಿಯಾದ ಮೇಲೆ ಬರಿದೇ ಬಿದ್ದಿರುವ ಕಟ್ಟೆಯನ್ನು ಕೇಳಿದಳು. ಅವರು ಮುಖ ಮುಖ ನೋಡಿಕೊಂಡು ಒಪ್ಪಿದರು.

ಗಾಡಿ ಓಡಿಸುವ ಮೈದುನ ಮುನಿನಾರಾಯಣಪ್ಪನಿಗೆ ಮಾತ್ರ ನಂಬಿಕೆಯಿರಲಿಲ್ಲ.

"ಅಲ್ಲಿ ಬೇರು ಯಾರು ಕೇಳ್ತಾರೆ ಅತ್ತಿಗೆ?"

"ಕಣ್ಣಿಗೆ ಕಂಡ್ರೆ ತಾನೆ ಕೇಳೋದು? ನಡಿ, ಓಗಾಣ."

ಗುರುವಾರ ಮೂಟೆಗಳನ್ನು ಇಳಿಸಿದಾಗ ಯಾರ್ಡು ಬಿಸಿಲಿಗೆ ತೂಕಡಿಸುತ್ತಿತ್ತು. ಗಾಳಿಗೆ ಈರುಳ್ಳಿ ಸಿಪ್ಪೆ ಹಾರಾಡುತ್ತಿತ್ತು. ಸುಬ್ಬಲಕ್ಷ್ಮಮ್ಮ ಒಂದು ಹಿಡಿ ಬೇರನ್ನು ನೀರಿಗದ್ದಿ ಕಟ್ಟೆಯ ಕಂಬಕ್ಕೆ ಕಟ್ಟಿದಳು. ಸ್ವಲ್ಪ ಹೊತ್ತಿಗೆ ಪರಿಮಳ ಹರಡಿತು. ಲಾರಿ ಕೆಳಗೆ ಮಲಗಿದ್ದ ಹಮಾಲನೊಬ್ಬ ಎದ್ದು ಆಕಾಶ ನೋಡಿದ. ಇನ್ನೊಬ್ಬ, "ಮಳೆ ಏನೋ ಗುರು?" ಎಂದ. ಒಬ್ಬೊಬ್ಬರೇ ಕಟ್ಟೆಯ ಹತ್ತಿರ ಬಂದು ನಿಂತರು. ರೆಹಾನಾ ಬಂದಳು, ನಾಗಸಂದ್ರದವರು ಬಂದರು. ಸುದ್ದಿ ತಿಳಿದು ನರೇಂದ್ರನೂ ಬಂದು ಹಿಂದೆ ನಿಂತ.

ಬೆಳಗಿನಿಂದ ಈರುಳ್ಳಿ ಕೂಗಿ ಗಂಟಲು ಕಟ್ಟಿದ್ದ ಪಿಳ್ಳಪ್ಪ ತಲೆ ಕೆರೆದುಕೊಂಡ.

"ಬೇರು ನಾನ್ ಯಾವತ್ತೂ ಕೂಗಿಲ್ಲ ಕಣಮ್ಮ. ಏನಂತ ಕೂಗ್ಲಿ?"

"ಈರುಳ್ಳಿಗೆ ಎಂಗೆ ಕೂಗ್ತೀಯೋ ಅಂಗೇ ಕೂಗಪ್ಪ."

ಪಿಳ್ಳಪ್ಪ ಕಟ್ಟೆ ಹತ್ತಿದ. "ಸಿಂಗಾಪುರದ ಸುಬ್ಬಲಕ್ಷ್ಮಮ್ಮನೋರ ಲಾವಂಚಾ..."

ಆ ಹೆಸರು ತಗಡಿನ ಸೂರಿಗೆ ಬಡಿದು, ಖಾಲಿ ಅಂಗಳವನ್ನೆಲ್ಲ ಸುತ್ತಿ ಬಂತು. ಇಷ್ಟು ವರ್ಷ ಬೆಳೆದದ್ದೆಲ್ಲ ನರೇಂದ್ರನ ಮಾಲು ಎಂದೇ ಕರೆಸಿಕೊಂಡಿತ್ತು. ಸುಬ್ಬಲಕ್ಷ್ಮಮ್ಮನ ಕಿವಿ ಗುಂಯ್ ಎಂದಿತು. ರೆಹಾನಾ ಕೈ ಎತ್ತಿದ್ದು, ನಾಗಸಂದ್ರದವರು ಏರಿಸಿದ್ದು, ನರೇಂದ್ರ ತುಟಿ ಕಚ್ಚಿ ಅದಕ್ಕೂ ಮೇಲೆ ಹೋದದ್ದು, ಎಲ್ಲವೂ ನೀರಿನೊಳಗಿನಿಂದ ನೋಡಿದಂತೆ ಕಂಡಿತು. ಕೊನೆಗೆ ರೆಹಾನಾ ಬಂದು ಆಕೆಯ ಭುಜ ಹಿಡಿದಾಗಲೇ ಮೈಮೇಲೆ ಎಚ್ಚರ ಬಂದದ್ದು.

"ಅಮ್ಮಾ, ನನಗೇ ಆಯ್ತು. ಮುಂದಿನ ವಾರ ಇರುತ್ತಲ್ಲಾ?"

"ಇರ್ತದೆ ಕಣವ್ವ," ಎಂದ ಸುಬ್ಬಲಕ್ಷ್ಮಮ್ಮನಿಗೆ ತಾನು ಅಳುತ್ತಿದ್ದೇನೆಂದು ಆಮೇಲೆ ಗೊತ್ತಾಯಿತು.

ಮುಂದಿನ ವಾರ ಪಕ್ಕದ ಹೊಲದವರು ಅಶ್ವಗಂಧ ತಂದರು. ಅದರ ಮುಂದಿನ ವಾರ ಯಾರೋ ಅಮೃತಬಳ್ಳಿಯ ಹೊರೆ ಇಳಿಸಿದರು. ನರೇಂದ್ರನೂ ತಪ್ಪದೆ ಬಂದು ಎಲ್ಲರ ನಡುವೆ ನಿಂತು ಬೆಲೆ ಕೂಗುತ್ತಾನೆ, ಕೆಲವೊಮ್ಮೆ ಗೆಲ್ಲುತ್ತಾನೆ. ಬೋರ್ಡೇನೂ ಇಲ್ಲದಿದ್ದರೂ ಆ ಜಾಗಕ್ಕೆ ಬೇರಿನ ಕಟ್ಟೆ ಎಂದು ಹೆಸರಾಗಿದೆ. ಗುರುವಾರ ಊಟವಾದ ಮೇಲೆ ಹಮಾಲರು ಅಲ್ಲಿಗೇ ಬಂದು ಲಾವಂಚದ ಮೂಟೆಗೊರಗಿ ನಿದ್ದೆ ಹೋಗುತ್ತಾರೆ. ಹರಾಜಿನ ಹೊತ್ತಾದರೂ ಅವರನ್ನು ಎಬ್ಬಿಸಲು ಸುಬ್ಬಲಕ್ಷ್ಮಮ್ಮನಿಗೆ ಮನಸ್ಸು ಬರುವುದಿಲ್ಲ.