ಹಸಿರು ಪಟ್ಟಿ ಏರಿಳಿಯುತ್ತಿದೆ

ಟೀವಿಯಲ್ಲಿ ಚಂದ್ರಕಲಾ ಬಾಯಿ ತೆರೆಯುತ್ತಾಳೆ, ಕೈಯಲ್ಲಿ ಅರ್ಧ ತಿಂದ ಮಾವಿನಹಣ್ಣು, ರಸ ಮೊಣಕೈವರೆಗೆ ಇಳಿದಿದೆ, ಏನೋ ಹೇಳುತ್ತಾಳೆ, ಸುತ್ತ ಕೂತವರು ಬಿದ್ದು ಬಿದ್ದು ನಗುತ್ತಾರೆ, ದನಿ ಮಾತ್ರ ಇಲ್ಲ — ಕದಿರೇಶ್ ಮತ್ತೆ ಮೊದಲಿನಿಂದ ಹಾಕುತ್ತಾನೆ, ಹೆಂಡತಿ ಮತ್ತೆ ಬಾಯಿ ತೆರೆಯುತ್ತಾಳೆ, ಫ್ಯಾನು ತಿರುಗುತ್ತಿದೆ, ಹಿತ್ತಲಲ್ಲಿ ಯಾರೋ ಪಾತ್ರೆ ಉಜ್ಜುತ್ತಿದ್ದಾರೆ, ಕಾಫಿ ಆರಿ ಕೆನೆ ಕಟ್ಟಿದೆ. ಅವಳು ಹೋಗಿ ನಾಳೆಗೆ ಹನ್ನೊಂದು ದಿನ. ರಾಯಲ್ಪಾಡಿನಿಂದ ಅತ್ತೆ ಬರುತ್ತಾರೆ, ಬಾವ, ಅಕ್ಕನ ದನಿ ಒಂದ್ಸಲ ಕೇಳಿಸ್ಬಿಡಿ ಸಾಕು, ಅಮ್ಮ ಬೇರೇನೂ ಕೇಳ್ತಿಲ್ಲ, ಎಂದಿದ್ದಾಳೆ ನಾದಿನಿ ಸುನಂದ, ಆ ದನಿ ಉಳಿದಿರುವುದು ಈ ಹಳೇ ಕಂಪ್ಯೂಟರಿನ ಈ ಎರಡು ನಿಮಿಷದಲ್ಲಿ ಮಾತ್ರ, ಫೋನು ಎತ್ತಿ ಹಿಡಿದರೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದವಳು ಯಲ್ದೂರಿನ ತೋಪಿನಲ್ಲಿ ಅದೊಂದು ದಿನ ಅದೇಕೋ ಗಂಡನನ್ನೇ ಅಣಕಿಸಿ ತೋರಿಸಿದಳು, ಏನೆಂದು ಅಣಕಿಸಿದಳು, ಅದೇ ನೆನಪಿಲ್ಲ, ಊರಿಗೆಲ್ಲ ಮಿಮಿಕ್ರಿ ಮಾಡುವ ಕದಿರೇಶ್, ಮದುವೆಮನೆಯಲ್ಲಿ ಮೈಕು ಸಿಕ್ಕರೆ ಟೊಮೆಟೊ ಮಂಡಿಯ ಹರಾಜು, ಮುಳಬಾಗಿಲು ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ಮಾತಾಡುವ ಹಾಲಿನ ಡೈರಿ ಕಾರ್ಯದರ್ಶಿ, ಎಲ್ಲರೂ ಗಂಟಲಿಗೆ ಬರುತ್ತಾರೆ, ಇವಳೊಬ್ಬಳು ಬರುವುದಿಲ್ಲ, ನಿನ್ನೆ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದ, ಬಂದದ್ದು ಕಂಡಕ್ಟರು.

ಕಂಪ್ಯೂಟರಿನ ಸ್ಪೀಕರ್ ವೈರನ್ನು ಇಲಿ ಕಡಿದಿದೆ, ಅದಕ್ಕೇ ಈ ಎಚ್‌ಡಿಎಂಐ ಕೇಬಲ್ಲು, ಚಿತ್ರವನ್ನೂ ದನಿಯನ್ನೂ ಒಟ್ಟಿಗೆ ಟೀವಿಗೆ ಒಯ್ಯುವುದಂತೆ, ಒಂದನ್ನು ಒಯ್ದಿತು. ಶ್ರೀನಿವಾಸಪುರದ ಕಂಪ್ಯೂಟರ್ ಅಂಗಡಿಯಿಂದ ವೆಂಕಟ್ ಫೋನಿನಲ್ಲಿ ಹೇಳುತ್ತಿದ್ದಾನೆ, ಅಣ್ಣಾ, ಲೋಕದಲ್ಲೆಲ್ಲ ವಿಂಡೋಸ್ ಹನ್ನೊಂದು ನಡೀತೈತೆ, ನೀನಿನ್ನೂ ಏಳರಲ್ಲೇ ಇದ್ದೀಯಲ್ಲ, ಅದು ಸತ್ತು ಎಷ್ಟು ವರ್ಷ ಆಯ್ತು — ಎಂದವನು ನಾಲಿಗೆ ಕಚ್ಚಿಕೊಂಡ, ಬೇರೆ ದಿನವಾಗಿದ್ದರೆ ಕದಿರೇಶ್, ಏಳು ಅಂದ್ರೆ ಏಳಲ್ಲ ಕಣೋ ಈ ಏಳು, ಎನ್ನುತ್ತಿದ್ದ, ಒಗೆಯುವ ಕಲ್ಲಿನ ಹತ್ತಿರ ಬಿದ್ದಿದ್ದವಳಿಗೂ ಅದನ್ನೇ ಹೇಳಿದ್ದ, ಏಳು, ಏಳೇ ಎಂದು, ಸೀರೆ ಅರ್ಧ ಹಿಂಡಿಯಾಗಿತ್ತು, ನಲ್ಲಿ ಸುರಿಯುತ್ತಲೇ ಇತ್ತು, ನಲ್ಲಿ ನಿಲ್ಲಿಸಿದ್ದು ಯಾರೋ. ಅಣ್ಣಾ, ಇದ್ದೀಯಾ, ಕೆಳಗೆ ಗಡಿಯಾರದ ಪಕ್ಕ ಸ್ಪೀಕರ್ ಗುರ್ತು ಐತಲ್ಲ, ಅದರ ಮೇಲೆ ಮೌಸಿನ ಬಲಗಡೆ ಒತ್ತು, ಪ್ಲೇಬ್ಯಾಕ್ ಡಿವೈಸಸ್ ಅಂತ ಬರ್ತದೆ, ಟೀವಿ ಹೆಸರು ಮಂಕಾಗೈತಾ, ಎನೇಬಲ್ ಕೊಡು, ಡೀಫಾಲ್ಟ್ ಮಾಡು, ಈಗ ವಿಡಿಯೋ ಹಾಕು, ಪಕ್ಕದಲ್ಲಿ ಹಸಿರು ಪಟ್ಟಿ ಮೇಲೆ ಕೆಳಗೆ ಆಡ್ತೈತಾ. ಆಡುತ್ತಿದೆ. ಅವಳು ಬಾಯಿ ತೆರೆದರೆ ಹಸಿರು ಪಟ್ಟಿ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ, ಉಸಿರಿನ ಹಾಗೆ, ಕದಿರೇಶ್ ನೋಡುತ್ತಾನೆ, ಅಳು ಬರಬೇಕಿತ್ತೇನೋ, ಬರಲಿಲ್ಲ. ಹಂಗಾದ್ರೆ ಕಂಪ್ಯೂಟರ್ ತಪ್ಪಿಲ್ಲಣ್ಣಾ, ದನಿ ಹೊರಟೈತೆ, ನಿನ್ನ ಟೀವೀನೇ ಬಾಯಿ ಮುಚ್ಕೊಂಡೈತೆ, ಯಾರೋ ಮ್ಯೂಟ್ ಒತ್ತವ್ರೆ, ರಿಮೋಟ್ ನೋಡು.

ರಿಮೋಟ್. ಸಾವಿನ ಮನೆಯಲ್ಲಿ ಹನ್ನೊಂದನೇ ದಿನದವರೆಗೆ ಟೀವಿ ಹಾಕಬಾರದು, ಹಾಗಾಗಿ ಯಾರೂ ಅದನ್ನು ಹುಡುಕಿರಲಿಲ್ಲ, ಇವತ್ತೂ ಟೀವಿಯ ಹಿಂದಿನ ಗುಂಡಿ ಒತ್ತಿಯೇ ಹಾಕಿದ್ದು — ಬಾವ, ಇದೇನ್ ಬಾವ ಅಲ್ಲಿ, ಎನ್ನುತ್ತ ಹಿತ್ತಲಿನಿಂದ ಸುನಂದ ಬರುತ್ತಾಳೆ, ಒಗೆಯೋ ಕಲ್ಲಿನ ಸಂದೀಲಿ ಬಿದ್ದಿತ್ತು, ಎಂದು ಸೆರಗಿನಲ್ಲಿ ಒರೆಸಿ ಕೈಗೆ ಕೊಡುತ್ತಾಳೆ, ಗುಂಡಿಗಳ ನಡುವೆ ಸೋಪಿನ ಬಿಳಿ ಒಣಗಿದೆ. ಆ ಬೆಳಿಗ್ಗೆ ಕ್ರಿಕೆಟ್ಟು ಜೋರಾಗಿತ್ತು, ಅವಳು ಹಿತ್ತಲಿನಿಂದ ಕರೆದಳು, ಗಂಡನ ಹೆಸರು ಹಿಡಿಯದೆ, ಯಾವಾಗಿನಂತೆ ತವರಿನ ತೆಲುಗು ರಾಗದಲ್ಲಿ, ಇದಿಗೋ, ಇಲ್ನೋಡಿ ಅನ್ನುವ ಹಾಗೆ, ಇವನು ಮ್ಯೂಟ್ ಒತ್ತಿದ, ಏನೇ ಎಂದ, ಕಾದ, ಇನ್ನೊಂದು ಸಲ ಕರೆಯಲಿ ಎಂದು ಕಾದ, ದನಿಯಿಲ್ಲದೆ ಒಂದು ಓವರು ಮುಗಿಯಿತು, ಬರೀ ನಲ್ಲಿಯ ಸದ್ದು, ಆಮೇಲೆ ಎದ್ದ, ರಿಮೋಟ್ ಕೈಯಲ್ಲೇ ಇತ್ತು. ಅಂದಿನಿಂದ ಟೀವಿ ಹಾಗೇ ಇದೆ, ಅವಳ ಉತ್ತರಕ್ಕೆ ಜಾಗ ಬಿಟ್ಟುಕೊಂಡು. ಸಿಕ್ತಾ ಅಣ್ಣಾ, ಒತ್ತು, ಎನ್ನುತ್ತಾನೆ ವೆಂಕಟ್, ಒತ್ತಿ ಬಾವ, ಎನ್ನುತ್ತಾಳೆ ಸುನಂದ, ಹೆಬ್ಬೆರಳು ಗುಂಡಿಯ ಮೇಲಿದೆ, ಅದು ಯಾರದೋ ಹೆಬ್ಬೆರಳು, ಪರದೆಯಲ್ಲಿ ಮೊಣಕೈವರೆಗೆ ಇಳಿದ ರಸ, ಹಸಿರು ಪಟ್ಟಿ ಏರುತ್ತದೆ, ತೆರೆದ ಬಾಯಿ, ಒತ್ತಿದರೆ — ಇದಿಗೋ ಎಂದು ಮತ್ತೆ ಕರೆಯದಿದ್ದರೆ — ಹಸಿರು ಪಟ್ಟಿ, ತೆರೆದ ಬಾಯಿ, ತೆರೆದ ಬಾಯಿ